ಬೀಟ್ರಿಸಳ ಬೆರಳು

ಓಟಿನ ಶಾಯಿಯ ವಿಷಯದಲ್ಲಿ ನಿಖಿತಾಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವಳ ತಾಯಿ ಪದ್ಮಮ್ಮ ಮೈಸೂರಿನ ಶಾಯಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸೀಸೆ ತುಂಬಿಸಿದವರು. ಆ ಗುರುತು ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು ಎಂದು ಕೇಳಿಕೊಂಡೇ ಬೆಳೆದವಳು.

ಈಗ ಅವಳು ಕೊಲ್ಲಿ ದೇಶದ ಘಾಲಾದಲ್ಲಿ, ತೈಲಬಾವಿಗಳ ವಾಲ್ವ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಹಾಜರಿ ನೋಡಿಕೊಳ್ಳುತ್ತಿದ್ದಳು. ತೈಲದ ಬೆಲೆ ಬಿದ್ದು ನಾಲ್ಕು ವರ್ಷವಾಗಿತ್ತು. ತಿಂಗಳಿಗೊಂದು ಪಟ್ಟಿ ಬರುತ್ತಿತ್ತು, ಹೆಸರಿದ್ದವರು ಊರಿಗೆ. ಈ ಸಲ ಆಫೀಸಿನ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಕತ್ತರಿ ಎಂದು ಸುದ್ದಿ. ಇನ್ನೊಬ್ಬಳು ಬ್ರೆಜಿಲಿನ ಬೀಟ್ರಿಸ್. ನಿಖಿತಾಳ ಮಗಳು ಹಿತಾಗೆ ಜ್ವರ ಬಂದಾಗೆಲ್ಲ ಅವಳ ಕೆಲಸವನ್ನೂ ತಾನೇ ಮುಗಿಸಿ, ಅವಳನ್ನು ಮನೆಗೆ ಕಳಿಸುತ್ತಿದ್ದವಳು.

ಅಲ್ಲಿ ವಾರದ ರಜೆ ಶುಕ್ರವಾರ, ಭಾನುವಾರ ಕೆಲಸದ ದಿನ. ಅಕ್ಟೋಬರಿನ ಒಂದು ಭಾನುವಾರ ಬೀಟ್ರಿಸ್, ತನ್ನ ದೇಶದ ಚುನಾವಣೆಗೆ ಎಂಬೆಸಿಯಲ್ಲಿ ಓಟು ಹಾಕಬೇಕೆಂದು ರಜೆ ಹಾಕಿದಳು. ಸೋಮವಾರ ಅವಳು ಚಹಾದ ಲೋಟ ಚಾಚಿದಾಗ ನಿಖಿತಾಳ ಕಣ್ಣು ಹೋದದ್ದು ಬೆರಳಿಗೆ. ಎಡಗೈ, ಬಲಗೈ. ಒಂದು ಚುಕ್ಕೆಯೂ ಇಲ್ಲ.

“ಸರ್, ಬೀಟ್ರಿಸ್ ಓಟು ಹಾಕಿಲ್ಲ. ಬೆರಳಲ್ಲಿ ಇಂಕೇ ಇಲ್ಲ,” ಎಂದಳು ಮ್ಯಾನೇಜರ್ ಸ್ಟ್ಯಾನ್ಲಿಗೆ.

ಮಂಗಳೂರಿನ ಸ್ಟ್ಯಾನ್ಲಿ ನಕ್ಕರು. “ಎಂತ ಮಾರಾಯ್ತಿ, ಸಿಐಡಿ ಕೆಲಸ ಯಾವಾಗ ಸಿಕ್ಕಿತು ನಿಂಗೆ? ಗ್ಯಾರಂಟಿ ಉಂಟಾ?”

“ನಮ್ಮಮ್ಮ ಆ ಫ್ಯಾಕ್ಟರೀಲೇ ಇದ್ದವ್ರು ಸರ್. ವಾರಗಟ್ಟಲೆ ಹೋಗಲ್ಲ ಅದು.”

ಬೀಟ್ರಿಸಳ ಹೆಸರಿನ ಮುಂದೆ ‘ಸುಳ್ಳು ರಜೆ’ ಎಂದು ಬಿತ್ತು. ಗುರುವಾರದ ಪಟ್ಟಿಯಲ್ಲಿ ಅವಳ ಹೆಸರೂ ಬಂತು.

ಬೀಟ್ರಿಸ್ ನೇರ ನಿಖಿತಾಳ ಮೇಜಿಗೇ ಬಂದಳು. ಪಾಸ್‌ಪೋರ್ಟಿನ ಕವರಿನಿಂದ ಪುಟ್ಟ ಚೀಟಿಯೊಂದನ್ನು ತೆಗೆದಳು. ಓಟು ಹಾಕಿದವರಿಗೆ ಅವರ ದೇಶದಲ್ಲಿ ಕೊಡುವುದು ಅದನ್ನು. ಬೆರಳಿಗೆ ಶಾಯಿ ಹಚ್ಚುವುದೇ ಇಲ್ಲ.

“ನನ್ನ ಬೆರಳು ನೋಡಿ ಯಾರೋ ದೂರು ಹೇಳಿದ್ದಾರಂತೆ. ನಿನಗೇನಾದರೂ ಗೊತ್ತಾ?”

ನಿಖಿತಾಳ ಕಿವಿ ಬಿಸಿಯಾಯಿತು. ಶಾಯಿಯ ವಿಷಯ ತಪ್ಪು ತಿಳಿದದ್ದು ಬೇರೆ ಮಾತು. ಪಟ್ಟಿ ನೋಡಿ, ಸದ್ಯ ನಾನಲ್ಲ ಎಂದು ಉಸಿರು ಬಿಟ್ಟಿದ್ದಳಲ್ಲ, ಅದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

“ನಾನೇ ಹೇಳಿದ್ದು,” ಎಂದಳು.

ಬೀಟ್ರಿಸ್ ಬಯ್ಯಲಿಲ್ಲ. “ನನ್ನನ್ನೇ ಕೇಳಬಹುದಿತ್ತಲ್ಲ.”

ಅಂದೇ ನಿಖಿತಾ ತಪ್ಪು ತನ್ನದೆಂದು ಬರೆದು, ಸಹಿ ಹಾಕಿ, ಚೀಟಿಯ ನಕಲು ಸೇರಿಸಿ ಕೊಟ್ಟಳು.

“ಇದು ಮೇಲೆ ಹೋದ್ರೆ ಪಟ್ಟಿಯಲ್ಲಿ ಅವಳ ಜಾಗಕ್ಕೆ ನಿನ್ನ ಹೆಸರೇ ಬರ್ತದೆ, ಗೊತ್ತುಂಟಲ್ಲ?” ಎಂದರು ಸ್ಟ್ಯಾನ್ಲಿ.

“ಗೊತ್ತು ಸರ್. ಕಳಿಸಿ.”

ಪಟ್ಟಿಯಿಂದ ಬೀಟ್ರಿಸಳ ಹೆಸರನ್ನು ಹೊಡೆದುಹಾಕಿದರು. ಆ ತಿಂಗಳು ನಿಖಿತಾಳ ಹೆಸರೂ ಬರಲಿಲ್ಲ.

ತಿಂಗಳ ಕೊನೆಗೆ ಬೀಟ್ರಿಸಳ ದೇಶದ ಅದೇ ಚುನಾವಣೆಯ ಎರಡನೇ ಸುತ್ತಿನ ಮತದಾನ. ಮರುದಿನ ಬೀಟ್ರಿಸ್ ತನ್ನ ಕುರ್ಚಿಗೂ ಹೋಗದೆ, ಬ್ಯಾಗೂ ಇಳಿಸದೆ, ಹೊಸ ಚೀಟಿಯನ್ನು ತಂದು ಹಾಜರಿ ಪುಸ್ತಕದ ಮೇಲಿಟ್ಟಳು. ಯಾರೂ ಕೇಳಿರಲಿಲ್ಲ.

“ನೋಡಿಕೊಂಡು ಕೊಡು,” ಎಂದಳು.

ನಿಖಿತಾ ನೋಡಲಿಲ್ಲ. ಚೀಟಿಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ತಗ್ಗಿಸಿಕೊಂಡೇ ಹಿಂದಕ್ಕೆ ಕೊಟ್ಟಳು.