ಕುಂಬಳಕಾಯಿಗೊಂದು ಪರ್ಮಿಟ್

ವಿಜಯವಾಡದ ಪಟಮಟದಲ್ಲಿರುವ ಬಾಲಚಂದ್ರರ ಮನೆಯಲ್ಲಿ ಒಗ್ಗರಣೆ ಹಾಕಬೇಕಾದರೆ ಮೊದಲು ಕನ್ನಡಕ ಹಾಕಿಕೊಳ್ಳಬೇಕಿತ್ತು. ಓದುವ ಕನ್ನಡಕವಲ್ಲ, ವೆಲ್ಡಿಂಗ್ ಅಂಗಡಿಯವರು ಹಾಕುವಂಥದ್ದು. ಸಾಸಿವೆ ಸಿಡಿದು ಕಣ್ಣಿಗೆ ಬಿದ್ದರೆ ಏನು ಗತಿ ಎಂದು ಮಗಳು ಶ್ರೀರಕ್ಷಾ ತಂದುಕೊಟ್ಟಿದ್ದಳು. ತಾಯಿ ಗಿರಿಜಾ ಒಂದು ವಾರ ಹೇಗೋ ಸಹಿಸಿಕೊಂಡು, ಆಮೇಲೆ ಅದನ್ನು ಮೊಳೆಗೆ ನೇತುಹಾಕಿದಳು. "ನಿಮ್ಮಜ್ಜಿ ತಿಪಟೂರಲ್ಲಿ ಜೀವಮಾನವೆಲ್ಲ ಒಗ್ಗರಣೆ ಹಾಕಿದ್ಲು ಕಣೇ. ಹೋಗುವಾಗ ಎರಡು ಕಣ್ಣೂ ಇಟ್ಕೊಂಡೇ ಹೋದ್ಲು," ಎಂದಳು.

ಬಾಲಚಂದ್ರರು ತುಮಕೂರಿನಿಂದ ವಿಜಯವಾಡಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಸ್ವಲ್ಪ ದಿನ ಇದ್ದು ಹೋಗೋಣ ಎಂದು ಬಂದವರು ಅಲ್ಲಿಯ ಗೋಂಗೂರ ಚಟ್ನಿಗೆ ಸೋತು ಅಲ್ಲೇ ಉಳಿದುಬಿಟ್ಟರು. ಮಗಳಿಗೆ ತೆಲುಗೇ ಸಲೀಸು. ಕನ್ನಡ ಏನಿದ್ದರೂ ಅಮ್ಮನ ಜೊತೆ ಜಗಳಕ್ಕೆ. ಬಿ.ಎಸ್ಸಿ. ಮುಗಿಸಿ ಅವಳು ವಿಶಾಖಪಟ್ಟಣದಲ್ಲಿ ಕಾರ್ಖಾನೆಗಳ ಆರೋಗ್ಯ ಮತ್ತು ಸುರಕ್ಷತೆಯ ಸ್ನಾತಕೋತ್ತರ ಪದವಿಗೆ ಸೇರಿದಾಗ, ಅದೇನೆಂದು ನೆಂಟರಿಗೆ ವಿವರಿಸುವಷ್ಟರಲ್ಲಿ ಗಿರಿಜಾಗೆ ಸಾಕುಸಾಕಾಯಿತು.

"ಗೇಟ್ ಹತ್ರ ಕೋಲು ಹಿಡ್ಕೊಂಡು ನಿಲ್ಲೋದಾ? ಹೆಣ್ಣುಹುಡುಗಿಗೆ ಯಾಕಮ್ಮ ಆ ಕೆಲಸ?" ಎಂದು ತಿಪಟೂರಿನ ಅತ್ತಿಗೆ ಫೋನಿನಲ್ಲಿ ಕೇಳಿದಳು.

"ಅದು ಸೆಕ್ಯೂರಿಟಿ. ಇದು ಸೇಫ್ಟಿ ಅತ್ತಿಗೆ. ಕೆಲಸದೋರು ಬೀಳದ ಹಾಗೆ ನೋಡ್ಕೊಳ್ಳೋದು."

"ಬಿದ್ರೆ?"

"ಯಾಕೆ ಬಿದ್ರು ಅಂತ ಬರೆಯೋದು."

"ಅಯ್ಯೋ ಶಿವನೇ, ಅದಕ್ಕೆ ಕಾಲೇಜಿಗೆ ಬೇರೆ ಹೋಗ್ಬೇಕಾ!"

ಹೋಗಬೇಕಿತ್ತು. ಹೋದವರೆಲ್ಲ ಒಂದೇ ಅಚ್ಚಿನವರಾಗಿ ಹೊರಬರುತ್ತಿದ್ದರು. ಸಂಜೆ ಬೀಚ್ ರೋಡಿನಲ್ಲಿ ಬೇರೆ ಹುಡುಗ ಹುಡುಗಿಯರು ಸಮುದ್ರ ನೋಡಿದರೆ, ಈ ತರಗತಿಯವರು ಜೋಳ ಸುಡುವವಳ ಸೆರಗು ಕೆಂಡಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡುತ್ತಿದ್ದರು. ಸಿನಿಮಾಕ್ಕೆ ಹೋದರೆ ತಮ್ಮ ಸೀಟಿಗಿಂತ ಮೊದಲು ತುರ್ತು ಬಾಗಿಲನ್ನು ಹುಡುಕುತ್ತಿದ್ದರು. ಇಂಥವರಲ್ಲಿ ಶ್ರೀರಕ್ಷಾ ಎಲ್ಲರಿಗಿಂತ ಒಂದು ಕೈ ಮೇಲು. ಅವಳು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ, ಕಾರ್ಮಿಕರು ತಮಗಾದ ಗಾಯಗಳನ್ನು ಮುಚ್ಚಿಡುತ್ತಾರೆಯೇ ಎಂಬುದು. ಅನಕಾಪಲ್ಲಿಯವರೆಗೂ ಬಸ್ಸಿನಲ್ಲಿ ಅಲೆದು, ಕಾರ್ಖಾನೆ ಕಾರ್ಖಾನೆ ಹೊಕ್ಕು, ಮ್ಯಾನೇಜರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕಾರ್ಮಿಕರನ್ನು ಒಬ್ಬೊಬ್ಬರಾಗಿ ಕರೆಸಿ ಕೇಳಿದಳು. ಎಲ್ಲರೂ ಮ್ಯಾನೇಜರ ಮುಖ ನೋಡಿ "ನಮಗೇನೂ ಆಗಿಲ್ಲ ಮೇಡಂ" ಎಂದರು. ಯಾರೂ ಏನನ್ನೂ ಮುಚ್ಚಿಡುವುದಿಲ್ಲ ಎಂದು ಅವಳು ಬಣ್ಣಬಣ್ಣದ ನಕ್ಷೆಗಳ ಸಮೇತ ಸಾಬೀತು ಮಾಡಿದಳು. ಅವಳ ಗುರು ಹೈಮಾವತಿ ಮೇಡಂ ಬೆನ್ನು ತಟ್ಟಿದರು.

ಓದಿನ ಕೊನೆಗೆ ಯಾವುದಾದರೂ ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕು. 2007ರಲ್ಲಿ ಅವಳಿಗೆ ಸಿಕ್ಕಿದ್ದು ಕೊಂಡಪಲ್ಲಿಯ ಹತ್ತಿರದ ಒಂದು ಪೈಪು ಕಾರ್ಖಾನೆ. ಮನೆಯಿಂದಲೇ ಓಡಾಡಬಹುದು. ಅದಕ್ಕಿಂತ ದೊಡ್ಡ ಆಸೆ ಬೇರೆ ಇತ್ತು. ಅಲ್ಲಿ ಸೇಫ್ಟಿ ಆಫೀಸರ್ ಹುದ್ದೆ ಖಾಲಿ ಬಿದ್ದಿತ್ತು. ಮ್ಯಾನೇಜರ್ ರಾಮಮೋಹನ್ ಸೇರಿದ ದಿನವೇ ಹೇಳಿದ್ದರು: "ನೋಡಮ್ಮಾ, ಈ ವರ್ಷವೂ ಒಂದೇ ಒಂದು ಅಪಘಾತ ಇಲ್ಲದೆ ಮುಗಿದುಬಿಡಲಿ. ಹೆಡ್ ಆಫೀಸಿಗೆ ನಿನ್ನ ಹೆಸರು ನಾನೇ ಕಳಿಸ್ತೀನಿ." ಕಾರ್ಖಾನೆಯ ಮಾತೆಲ್ಲ ತೆಲುಗಿನದು, ನಿಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಹೇಳಿದ್ದಷ್ಟೇ.

ಅಪಘಾತವಿಲ್ಲದ ವರ್ಷ ಬರೀ ಅವಳಿಗೆ ಬೇಕಾಗಿರಲಿಲ್ಲ. ಹಾಗೆ ವರ್ಷ ಮುಗಿದರೆ ಪ್ರತಿಯೊಬ್ಬರಿಗೂ ಒಂದೊಂದು ಮಿಕ್ಸಿ ಕೊಡುವುದಾಗಿ ಹೆಡ್ ಆಫೀಸಿನವರು ಘೋಷಿಸಿದ್ದರು. ಕ್ಯಾಂಟೀನಿನ ಅಡುಗೆಯ ಸೀತಾಮಹಾಲಕ್ಷ್ಮಿಯಂತೂ ಹೊಸದು ಬಂದೇ ಬಂತು ಎಂದುಕೊಂಡು ತನ್ನ ಹಳೆಯ ಮಿಕ್ಸಿಯನ್ನು ತಂಗಿಗೆ ಕೊಟ್ಟು ಕೈ ತೊಳೆದುಕೊಂಡಿದ್ದಳು.

ಹೀಗಿರುವಾಗ ದಸರೆ ಬಂತು. ಆಯುಧಪೂಜೆಯ ದಿನ ಗೇಟಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಕಾರ್ಖಾನೆಗೆ ದೃಷ್ಟಿ ತೆಗೆದು ಒಡೆಯುವುದು ಅಲ್ಲಿಯ ಪದ್ಧತಿ. ಶ್ರೀರಕ್ಷಾ ಅದನ್ನು ಸುತರಾಂ ಒಪ್ಪಲಿಲ್ಲ. ಒಡೆದ ಕುಂಬಳಕಾಯಿಯ ಮೇಲೆ ಯಾರಾದರೂ ಜಾರಿದರೆ? ಒಡೆಯದಿದ್ದರೆ ಇನ್ನೂ ದೊಡ್ಡ ಅಪಘಾತವಾಗುತ್ತದೆ ಎಂದು ಕಾರ್ಮಿಕರು ಹಟ ಹಿಡಿದರು. ಕೊನೆಗೆ ರಾಮಮೋಹನ್ ರಾಜಿ ಮಾಡಿಸಿದರು: ಒಡೆಯುವುದು, ಆದರೆ ಮೇಡಂ ಹೇಳಿದ ಕ್ರಮದಲ್ಲಿ.

ಆ ಕ್ರಮವನ್ನು ನೋಡಿದ ಪುರೋಹಿತರು ಈಗಲೂ ಅದನ್ನು ನೆನೆದು ತಲೆ ಚಚ್ಚಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಅಪಾಯದ ಕೆಲಸಕ್ಕೆಲ್ಲ ಮುಂಚಿತವಾಗಿ ಪರ್ಮಿಟ್ ಬರೆಯಬೇಕಲ್ಲ, ಕುಂಬಳಕಾಯಿಗೂ ಬರೆದಳು. ಕರ್ಪೂರ ಉರಿಯುವುದರಿಂದ ಬೆಂಕಿಯ ಕೆಲಸಕ್ಕೆ ಇನ್ನೊಂದು ಪರ್ಮಿಟ್. ಒಡೆಯುವ ಹಿರಿಯ ಫಿಟ್ಟರ್ ಪಂಚೆಯ ಮೇಲೆ ಹೆಲ್ಮೆಟ್, ಕನ್ನಡಕ, ಕೈಗವಸು ತೊಟ್ಟು ನಿಂತ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ಪಕ್ಕದಲ್ಲಿ ನಿಂತ. ಸುತ್ತ ಮೊಳಕಾಲೆತ್ತರಕ್ಕೆ ಅಪಾಯ ಎಂದು ಬರೆದ ಹಳದಿ ಟೇಪು. ಪುರೋಹಿತರು "ರಾಹುಕಾಲ ಬರ್ತಾ ಇದೆಯಮ್ಮಾ" ಎಂದರೆ ಇವಳು "ಸಹಿ ಆಗ್ಲಿ ಪಂತುಲುಗಾರೂ" ಎಂದಳು.

ಅಂತೂ ಕುಂಬಳಕಾಯಿ ಒಡೆಯಿತು. ಎಂದಿನಂತೆ ಆಗಿದ್ದರೆ ಗುಡಿಸುವವಳು ಕೂಡಲೇ ಬಂದು ಎಲ್ಲವನ್ನೂ ಬಾಚಿ ಎಸೆಯುತ್ತಿದ್ದಳು. ಆದರೆ ಪರ್ಮಿಟ್ ಮುಗಿಸಿ ಸಹಿ ಹಾಕುವವರೆಗೆ ಯಾರೂ ಟೇಪು ದಾಟುವಂತಿಲ್ಲ. ಸಹಿ ಹಾಕಬೇಕಾದರೆ ಪರ್ಮಿಟ್ ಕೊಟ್ಟವರೇ ಒಳಗೆ ಹೋಗಿ ಪರೀಕ್ಷಿಸಬೇಕು. ಇದೂ ಅವಳೇ ಬರೆದ ನಿಯಮ. ಸರಿ, ಶ್ರೀರಕ್ಷಾ ಗಂಭೀರವಾಗಿ ಮುಂದೆ ಬಂದು ಟೇಪು ದಾಟಿದಳು. ಹಿಂದಿನ ಕಾಲು ಟೇಪಿಗೆ ಸಿಕ್ಕಿತು, ಮುಂದಿನ ಕಾಲು ಕುಂಬಳಕಾಯಿಯ ತಿರುಳಿನ ಮೇಲೆ ಬಿತ್ತು. ಬಲಗೈ ಊರಿ ದೊಪ್ಪನೆ ಬಿದ್ದಳು. ಮೈಯೆಲ್ಲ ಕುಂಕುಮ. ರಕ್ತವೆಂದು ಹೆಂಗಸರು ಕಿರುಚಿಕೊಂಡರು. ಹೆಲ್ಮೆಟ್ ಇದ್ದುದರಿಂದ ತಲೆಗೆ ಏನೂ ಆಗಿಲ್ಲ ಎಂಬುದನ್ನು ಅವಳು ಬಿದ್ದ ಜಾಗದಿಂದಲೇ ಎಲ್ಲರ ಗಮನಕ್ಕೆ ತಂದಳು.

"ಅಯ್ಯಯ್ಯೋ! ಕಾರ್ಖಾನೆಯ ದೃಷ್ಟಿ ಎಲ್ಲಾ ಮೇಡಂಗೇ ಹತ್ತಿಬಿಡ್ತಲ್ಲ!" ಎಂದು ಸೀತಾಮಹಾಲಕ್ಷ್ಮಿ ಬಾಯಿ ಬಡಿದುಕೊಂಡಳು.

ಮಣಿಕಟ್ಟು ಮುರಿದಿತ್ತು. ಡಾಕ್ಟರು ಪ್ಲಾಸ್ಟರ್ ಹಾಕಿ, ಮನೆಯಲ್ಲಿ ಮಲಗಿರಬೇಕು ಎಂದರು. ಸಂಜೆ ರಾಮಮೋಹನ್ ಸೇಬುಹಣ್ಣು ಹಿಡಿದುಕೊಂಡು ಪಟಮಟಕ್ಕೆ ಬಂದರು. ನಿಯಮ ಅವಳಿಗೂ ಗೊತ್ತು, ಅವರಿಗೂ ಗೊತ್ತು. ಪೆಟ್ಟು ತಿಂದವರು ಮರುದಿನ ಕೆಲಸಕ್ಕೆ ಬಾರದಿದ್ದರೆ ಅದು ಅಪಘಾತ, ಲೆಕ್ಕಕ್ಕೆ ಹೋಗುತ್ತದೆ. ಬಂದರೆ ಬರೀ ಪ್ರಥಮ ಚಿಕಿತ್ಸೆ.

"ನಾಳೆ ವಿಜಯದಶಮಿಯಾದ್ರೂ ಕುಲುಮೆ ನಿಲ್ಲಲ್ಲ, ಕಾರು ಕಳಿಸ್ತೀನಮ್ಮಾ. ನೀನು ಏನೂ ಮಾಡಬೇಡ, ಆಫೀಸಲ್ಲಿ ಬಂದು ಕೂತ್ಕೋ. ನಿನ್ನ ಕೆಲಸದ ವಿಷಯವೂ ಇದೆಯಲ್ಲ," ಎಂದರು.

ಶ್ರೀರಕ್ಷಾ ತಲೆಯಾಡಿಸಿದಳು. ಕೆಲಸ ಬೇಕಿತ್ತು, ಅಷ್ಟೇ. ಬೆಳಿಗ್ಗೆ ಅವಳು ಒಂದೇ ಕೈಯಲ್ಲಿ ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಿ ಗಿರಿಜಾ ಬಾಗಿಲಿಗೆ ಅಡ್ಡ ನಿಂತಳು. "ಡಾಕ್ಟ್ರು ಮಲಗು ಅಂದಿಲ್ವೇನೇ? ನೋಯ್ತಿದೆಯೇನೇ?"

"ನಂಗೇನೂ ಆಗಿಲ್ಲಮ್ಮಾ," ಎಂದು ಅವಳು ಕಾರು ಹತ್ತಿದಳು.

ಕಾರಿನ ಹಿಂದಿನ ಸೀಟಿನಲ್ಲಿ ಹೂವಿನ ಕವರಿನ ಒಂದು ದಿಂಬು ಇತ್ತು. ಕೈಯನ್ನು ಅದರ ಮೇಲಿಟ್ಟರೆ ಹಾಯೆನಿಸಿತು. ತನಗಾಗಿ ಎಷ್ಟು ಮುತುವರ್ಜಿ ಎಂದು ಅವಳ ಕಣ್ಣು ತುಂಬಿ ಬಂತು. ಡ್ರೈವರನಿಗೆ ಅದನ್ನೇ ಹೇಳಿದಳು.

"ಆ ದಿಂಬಾ ಮೇಡಂ? ಅದು ಕಾರಲ್ಲೇ ಇರತ್ತೆ," ಎಂದ ಡ್ರೈವರ್ ಸಂತೋಷದಿಂದ. "ಮೊದಲು ಕಾಲು ಮುರ್ಕೊಂಡ ವೆಲ್ಡರಿಗೆ ಅಂತ ತಂದಿದ್ದು. ಆಮೇಲೆ ಪ್ಯಾಕಿಂಗ್‌ನವನ ಬೆರಳು ಜಜ್ಜಿಹೋಯ್ತಲ್ಲ, ಅವನಿಗೆ. ಆಮೇಲೆ ಸ್ಟೋರಿನವರ ಭುಜ. ಎಲ್ಲರನ್ನೂ ನಾನೇ ಕರ್ಕೊಂಡು ಬಂದು ಆಫೀಸಲ್ಲಿ ಕೂರಿಸಿದ್ದು. ಕವರು ನನ್ನ ಹೆಂಡತಿ ಹೊಲಿದಿದ್ದು ಮೇಡಂ, ಚೆನ್ನಾಗಿದೆಯಾ?"

ಶ್ರೀರಕ್ಷಾ ಕೈಯನ್ನು ದಿಂಬಿನ ಮೇಲಿಂದ ಎತ್ತಿಬಿಟ್ಟಳು. ಅನಕಾಪಲ್ಲಿಯವರೆಗೆ ಅಲೆದು ತಾನು ಬರೆದುಕೊಂಡು ಬಂದ "ನಮಗೇನೂ ಆಗಿಲ್ಲ"ಗಳೆಲ್ಲ ಎಂಥವೆಂದು ಈಗ ಅರ್ಥವಾಗಿತ್ತು. ತಾಯಿಗೆ ತಾನೇ ಈಗಷ್ಟೇ ಹೇಳಿಬಂದಿದ್ದಳಲ್ಲ, ಅಂಥವೇ. ಇಡೀ ಪ್ರಬಂಧ ಬೊಗಳೆ! ಅದಕ್ಕೆ ಬೆನ್ನು ಬೇರೆ ತಟ್ಟಿಸಿಕೊಂಡಿದ್ದಳು. ಕೈಯ ನೋವಿಗಿಂತ ನಾಚಿಕೆ ಜಾಸ್ತಿಯಾಯಿತು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇದ್ದೇ ಇತ್ತು, ಅದೇನೂ ಕಮ್ಮಿಯಾಗಲಿಲ್ಲ.

ಆಫೀಸಿಗೆ ಹೋದವಳೇ ರಾಮಮೋಹನ್ ಮುಂದೆ ಅಪಘಾತದ ರಿಜಿಸ್ಟರ್ ತಂದಿಟ್ಟಳು. ಮದುಮಗಳ ಹೊಸ ಸೀರೆಯಂತೆ ಒಂದು ಹಾಳೆಯೂ ಮುದುಡಿರಲಿಲ್ಲ. "ನನ್ನ ಅಪಘಾತ ಬರೀಬೇಕು ಸಾರ್. ಬರೆದು ನಾನು ಮನೆಗೆ ಹೋಗಿ ಮಲಗ್ತೀನಿ. ಆದ್ರೆ ನಂಗೆ ಬರೆಯೋಕೆ ಕೈ ಬರಲ್ಲ. ನೀವೇ ಬರ್ಕೊಳ್ಳಿ."

ರಾಮಮೋಹನ್ ಬೇಡಿಕೊಂಡರು, ಗದರಿದರು, ಮಿಕ್ಸಿಗಳ ಮಾತೆತ್ತಿದರು. "ನಿನ್ನ ಕೆಲಸದ ಮೇಲೆ ನೀನೇ ಕಲ್ಲು ಹಾಕ್ಕೊಳ್ತೀಯಾ?" ಎಂದರು. ಅವಳು ರಿಜಿಸ್ಟರನ್ನು ಇನ್ನಷ್ಟು ಅವರತ್ತ ಸರಿಸಿದಳು. ಕೊನೆಗೆ ಅವರು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು.

"ಕಾರಣ ಏನು ಅಂತ ಬರೀಲಿ? ಕುಂಬಳಕಾಯಿ ಅಂತಲಾ?"

"ಸೇಫ್ಟಿ ಟ್ರೈನೀ ಕಟ್ಟಿಸಿದ ಟೇಪು ಅಂತ ಬರೀರಿ ಸಾರ್."

ಸುದ್ದಿ ಕ್ಯಾಂಟೀನಿಗೆ ಮುಟ್ಟಲು ಎಷ್ಟು ಹೊತ್ತು? ಸೀತಾಮಹಾಲಕ್ಷ್ಮಿ ಸೌಟು ಹಿಡಿದುಕೊಂಡೇ ನುಗ್ಗಿದಳು. "ಬರೆದೇಬಿಟ್ರಾ? ನನ್ನ ಮಿಕ್ಸಿ ಹೋಯ್ತಾ? ಥೂ, ನಿಮ್ಮ ಕೈ ಮುರಿದು..." ಎಂದವಳು ಪ್ಲಾಸ್ಟರ್ ನೋಡಿ ಶಾಪವನ್ನು ಅಲ್ಲಿಗೇ ನುಂಗಿದಳು. ಬುಸುಗುಟ್ಟುತ್ತ ರವಿಕೆಯ ಉದ್ದ ತೋಳನ್ನು ಸರ್ರನೆ ಮೇಲೆಳೆದಳು. ಮೊಣಕೈಯವರೆಗೂ ಸುಟ್ಟ ಗಾಯದ ಕಲೆ.

"ಬೇಸಿಗೇಲಿ ವಡೆ ಎಣ್ಣೆ ಚೆಲ್ಲಿದ್ದು. ಮಿಕ್ಸಿಗೋಸ್ಕರ ಸುಮ್ಮನಿದ್ದೆ. ಮಿಕ್ಸೀನೇ ಇಲ್ಲ ಅಂದಮೇಲೆ ನಾನ್ಯಾಕೆ ಸುಮ್ಮನಿರಲಿ? ನಂದೂ ಬರೀರಿ!"

ರಾಮಮೋಹನ್ ಅದನ್ನೂ ಬರೆದುಕೊಂಡರು. ಸ್ವಲ್ಪ ಹೊತ್ತಿನಲ್ಲೇ ಬಾಗಿಲ ಹೊರಗೆ ಸಾಲು ನಿಂತಿತು. ವೆಲ್ಡರ್ ಕುಂಟುತ್ತ ಬಂದ. ಪ್ಯಾಕಿಂಗ್‌ನವನು ಇಷ್ಟು ದಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಕೈಯನ್ನು ಹೊರತೆಗೆದ. ಹಿರಿಯ ಫಿಟ್ಟರ್‌ಗೆ ಒಂದು ಕಿವಿಯೇ ಕೇಳಿಸುತ್ತಿರಲಿಲ್ಲವಂತೆ. ಒಬ್ಬ ತನ್ನ ಪೆಟ್ಟನ್ನು ತೋರಿಸಲು ನಾಚಿಕೊಂಡು, ಅದು ಕೂರುವ ಜಾಗದಲ್ಲಿದೆ ಎಂದಷ್ಟೇ ಬರೆಸಿದ. ತನ್ನದಕ್ಕಿಂತ ಪಕ್ಕದವನ ಗಾಯ ದೊಡ್ಡದಾಗಿ ಬರೆದಿದ್ದಾರೆಂದು ಇಬ್ಬರು ಜಗಳವಾಡಿದರು. ಶ್ರೀರಕ್ಷಾ ಕೇಳುತ್ತ ಹೋದಳು, ರಾಮಮೋಹನ್ ಬರೆಯುತ್ತ ಹೋದರು. ಈ ಸಲ ಯಾರೂ ಮ್ಯಾನೇಜರ ಮುಖ ನೋಡಲಿಲ್ಲ, ಅವರು ತಲೆ ಎತ್ತಿದ್ದರಲ್ಲವೇ ನೋಡುವುದಕ್ಕೆ.

ಸಾಲು ಕರಗಿತು. ಎಲ್ಲರೂ ಹೊರಟುಹೋದರು. ರಾಮಮೋಹನ್ ಮಾತ್ರ ಇನ್ನೂ ಬರೆಯುತ್ತಲೇ ಇದ್ದರು.

"ಇದು ಯಾರದು ಸಾರ್?" ಎಂದು ಕೇಳಿದಳು.

ಅವರು ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದು, ಶರ್ಟನ್ನು ಒಂದಿಷ್ಟು ಎತ್ತಿದರು. ಒಳಗೆ ಡಾಕ್ಟರು ಕೊಟ್ಟ ಅಗಲವಾದ ಬೆಲ್ಟು. "ನಂದೇ. ಮಳೆಗಾಲದಲ್ಲಿ ಕುಲುಮೆಯ ಮೆಟ್ಟಿಲ ಮೇಲೆ ಜಾರಿದ್ದು. ಮನೇಲೂ ಹೇಳಿಲ್ಲ."

ತನ್ನ ಕೆಲಸವಂತೂ ಹೋಯಿತು, ಈ ಮನುಷ್ಯನದನ್ನೂ ಕಳೆದೆನಲ್ಲ ಎನಿಸಿ ಅವಳಿಗೆ ಅಳು ಬಂತು. "ನನ್ನಿಂದ ನಿಮಗೂ ತೊಂದರೆ ಆಯ್ತು ಸಾರ್. ಹೆಡ್ ಆಫೀಸಿಗೆ ನನ್ನ ಹೆಸರು ಕಳಿಸದಿದ್ರೂ ಪರವಾಗಿಲ್ಲ."

"ಕಳಿಸ್ತೀನಮ್ಮಾ. ಪ್ರತಿ ವರ್ಷ ಯಾರದಾದರೂ ಕಳಿಸ್ತಾನೇ ಇದ್ದೆ," ಎಂದರು ರಾಮಮೋಹನ್, ಬರೆದು ತುಂಬಿದ ಹಾಳೆಗಳ ಮೇಲೆ ಕೈ ಇಟ್ಟು. "ಪ್ರತಿ ವರ್ಷವೂ ಅವರು ಒಂದೇ ಮಾತು ಕೇಳಿ ವಾಪಸ್ ಕಳಿಸೋರು: ಒಂದು ಅಪಘಾತವೂ ಆಗದ ಕಾರ್ಖಾನೆಗೆ ಸೇಫ್ಟಿ ಆಫೀಸರ್ ಯಾಕ್ರೀ ಬೇಕು ಅಂತ. ಇನ್ನು ಕೇಳಲ್ಲ."