ಸಲ್ಮಾಳ ಹೇಳಿಕೆಯಲ್ಲಿ ನಾನು ಹೊಡೆದುಹಾಕಿದ ಸಾಲು

2024ರಲ್ಲಿ ನಾನು ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ಒಂದು ಸಣ್ಣ ಕಾನೂನು ನೆರವು ಕಚೇರಿಯಲ್ಲಿ ನಿರಾಶ್ರಿತರ ಹೇಳಿಕೆ ಬರೆದುಕೊಳ್ಳುವ ಕೆಲಸದಲ್ಲಿದ್ದೆ. ಪತಿಯ ಬ್ಯಾಂಕ್ ಕೆಲಸ ನಮ್ಮನ್ನು ಈ ಊರಿಗೆ ತರುವ ಮೊದಲು ಇಪ್ಪತ್ತಾರು ವರ್ಷ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಯುದ್ಧದಿಂದ ಓಡಿಬಂದವರು ಬೇರೆ ದೇಶದಲ್ಲಿರುವ ಕುಟುಂಬವನ್ನು ಸೇರಲು ಅರ್ಜಿ ಹಾಕುವಾಗ, ನಡೆದದ್ದನ್ನು ವಿವರಿಸುವ ‘ಸ್ಟೇಟ್‌ಮೆಂಟ್’ ಒಂದನ್ನು ಲಗತ್ತಿಸಬೇಕು. ಇಂಟರ್‌ವ್ಯೂನಲ್ಲಿ ಅಧಿಕಾರಿ ಅದನ್ನೇ ಮುಂದಿಟ್ಟುಕೊಂಡು ಪ್ರಶ್ನಿಸುತ್ತಾರೆ.

ಸಲ್ಮಾ ಸುಡಾನಿನವಳು. ಅಂತರ್ಯುದ್ಧದಲ್ಲಿ ಖಾರ್ಟೂಮ್ ಬಿಟ್ಟು, ಇಬ್ಬರು ಗಂಡುಮಕ್ಕಳೊಂದಿಗೆ ನೈರೋಬಿಯದೇ ಕಸರಾನಿ ಬಡಾವಣೆಯ ಒಂದು ಕೋಣೆಯಲ್ಲಿದ್ದಳು. ಯುದ್ಧಕ್ಕೆ ಮೊದಲೇ ಯುರೋಪ್ ಸೇರಿದ್ದ ಗಂಡ ಅವರನ್ನು ಕರೆಸಿಕೊಳ್ಳಲು ಸ್ಪಾನ್ಸರ್ ಆಗಿದ್ದ. ಏಳು ವರ್ಷದ ಮಗಳು ಅಮಲ್ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದಳು.

ಮಗಳನ್ನು ಗೋಡೆಯ ಪಕ್ಕ ಕೂರಿಸಿ ನೀರು ತರಲು ಹೋಗಿದ್ದಾಗ ಶೆಲ್ ಬಿತ್ತು, ಮರಳಿ ಬಂದಾಗ ಅವಳು ಅಲ್ಲಿರಲಿಲ್ಲ ಎಂದು ಸಲ್ಮಾ ಮೊದಲ ದಿನ ಹೇಳಿದಳು. ಮೂರು ದಿನ ಬಿಟ್ಟು ಬಂದವಳು, ಕೈ ಹಿಡಿದೇ ಓಡುತ್ತಿದ್ದೆ, ನೂಕುನುಗ್ಗಲಿನಲ್ಲಿ ತಪ್ಪಿಹೋದಳು ಎಂದಳು. ಎರಡು ಮಾತು ಬಂದರೆ ಒಂದನ್ನು ಖಚಿತಪಡಿಸಿಕೊಳ್ಳುವುದು ಡೆಸ್ಕಿನ ಅಭ್ಯಾಸ. “ಯಾವುದು ಸರಿ? ಆಗ ಗಂಟೆ ಎಷ್ಟು?” ಎಂದು ಕೇಳಿದೆ.

ಅರಬ್ಬಿಯಿಂದ ಅನುವಾದಿಸುತ್ತಿದ್ದ ಇಬ್ರಾಹಿಂ ನನ್ನತ್ತ ತಿರುಗಿದ. “ನಿಧಾನ ಮೇಡಂ. ಈ ಊರಿನ ಮಟಾಟು ಬಸ್ಸೇ ಟೈಮ್ ಹೇಳಲ್ಲ, ಶೆಲ್ ಹೇಳಿ ಬರುತ್ತಾ?”

ಸಲ್ಮಾ, “ನಿಮಗೆ ಯಾವುದು ಬೇಕೋ ಅದನ್ನೇ ಬರ್ಕೊಳ್ಳಿ” ಎಂದಳು.

ಮೊದಲು ಹೇಳಿದ್ದೇ ಹೆಚ್ಚು ನಂಬಲರ್ಹ ಎಂಬ ಹಳೆಯ ಸೂತ್ರದಂತೆ ನೀರಿನ ಸಂಗತಿಯನ್ನು ಉಳಿಸಿಕೊಂಡು, ಕೈ ಹಿಡಿದು ಓಡಿದ ಸಾಲನ್ನು ಹೊಡೆದುಹಾಕಿದೆ. ಇಬ್ರಾಹಿಂ ಪೂರ್ತಿ ಓದಿ ಹೇಳಿದ. ಅವಳು ಸಹಿ ಹಾಕಿದಳು. ಹೇಳಿಕೆ ಅಚ್ಚುಕಟ್ಟಾಗಿತ್ತು.

ಇಂಟರ್‌ವ್ಯೂನಲ್ಲಿ ಸಲ್ಮಾ, ಮಗಳ ಕೈ ಹಿಡಿದು ಓಡುತ್ತಿದ್ದೆ ಎಂದಳು. ಹನ್ನೊಂದು ವಾರಗಳ ನಂತರ ಅರ್ಜಿ ತಿರಸ್ಕೃತವಾಯಿತು. ಮಗುವಿನ ವಿಷಯದಲ್ಲಿ ಲಿಖಿತ ಹೇಳಿಕೆಗೂ ಬಾಯಿಮಾತಿಗೂ ತಾಳೆಯಿಲ್ಲ ಎಂದು ಕಾರಣ ಕೊಟ್ಟು, ಎರಡನ್ನೂ ಪಕ್ಕಪಕ್ಕದಲ್ಲಿ ಉದ್ಧರಿಸಿದ್ದರು.

“ನೀರು ತರಲು ಹೋಗಿದ್ದನ್ನು ಅಲ್ಲಿ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ನನ್ನ ಗಂಡನಿಗೇ ಹೇಳಿರಲಿಲ್ಲ” ಎಂದಳು. “ಮಗೂನ ಒಂಟಿಯಾಗಿ ಬಿಟ್ಟು ಹೋದೆ ಅಂತ ಹೇಗೆ ಹೇಳ್ಲಿ? ಅವನು ಮೊನ್ನೆ ಫೋನ್ ಮಾಡಿದ. ‘ನೀರಿಗೆ ಹೋಗಿದ್ಯಾ?’ ಅಂದ. ಹೂಂ ಅಂದೆ. ಇಟ್ಟುಬಿಟ್ಟ.”

ನಿರ್ಣಯದ ಪ್ರತಿ ಸ್ಪಾನ್ಸರ್‌ಗೂ ಹೋಗುತ್ತದೆ. ಅದು ನಿಯಮ. ನನಗೆ ಗೊತ್ತಿತ್ತು, ಅವಳಿಗೆ ಹೇಳಬೇಕೆಂದು ಹೊಳೆದಿರಲಿಲ್ಲ. ಅವಳು ಎರಡನೆಯ ಸಲ ಬಂದು ಮಾತು ಬದಲಿಸಿದ್ದು ಮರೆವಿನಿಂದಲ್ಲ, ಕೈ ತಪ್ಪಿಹೋದಳೆಂದು ಗಂಡನಿಗೆ ಹೇಳಿದ್ದನ್ನೇ ಕಾಗದದಲ್ಲೂ ಉಳಿಸಿಕೊಳ್ಳಲು. ಯಾವುದು ಸರಿ ಎಂದು ಕೇಳಿದ ನಾನು, ಯಾಕೆ ಎರಡು ಎಂದು ಕೇಳಲಿಲ್ಲ.

ತಪ್ಪು ನನ್ನದೆಂದು ಒಪ್ಪಿಕೊಂಡು ಮರುಪರಿಶೀಲನೆಗೆ ಅರ್ಜಿ ಬರೆದೆ. ಅದಕ್ಕೆ ಗಂಡನ ಸಹಿ ಬೇಕಿತ್ತು. ಮೂರು ಸಲ ಕಳಿಸಿದೆವು. ಉತ್ತರ ಬರಲಿಲ್ಲ. ಅವಧಿ ಮುಗಿಯಿತು. ಸಲ್ಮಾ ಮತ್ತು ಗಂಡುಮಕ್ಕಳು ಇನ್ನೂ ಕಸರಾನಿಯಲ್ಲೇ ಇದ್ದಾರೆ.

ಈಗ ನಾನು ಹೇಳಿಕೆ ಬರೆಯಲು ಕೂತಾಗ ದಿನಾಂಕ, ಗಂಟೆಗಳನ್ನು ಕೇಳುವುದು ಆಮೇಲೆ. ಪತ್ರಿಕೆಯಲ್ಲಿದ್ದಷ್ಟು ವರ್ಷವೂ ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ: ಇದನ್ನು ಯಾರು ಓದಬಾರದು?