ಅಂಗಳದಲ್ಲಿ ಹೂಳಿದ ಬೀಸುವ ಕಲ್ಲು

ಅಪ್ಪ ಮೆಟ್ಟೂರು ಅಣೆಕಟ್ಟಿನ ಕೆಲಸಕ್ಕೆ ಸೇರಿದಾಗ ನಮಗೆ ಹನ್ನೆರಡು ಮನೆಗಳ ಹೊಸ ವಠಾರದಲ್ಲಿ ಜಾಗ ಸಿಕ್ಕಿತು. ಜನ ಬೆರೆತು ಬಾಳಲೆಂದು ಅದರ ನಕ್ಷೆ ಬರೆದ ಎಂಜಿನಿಯರು ಎಲ್ಲ ಬಾಗಿಲುಗಳನ್ನೂ ಒಂದೇ ಅಂಗಳಕ್ಕೆ ಇಡಿಸಿ, ರಾಗಿ ಬೀಸುವ ಕಲ್ಲುಗಳನ್ನು ಅದರ ನಡುವೆ ಹೂಳಿಸಿದ್ದರು.

ಅವ್ವನಿಗೆ ಮೈ ಉರಿಯಿತು. “ನಮ್ಮನೇಲಿ ಎಷ್ಟು ರಾಗಿ ಐತೆ ಅಂತ ಊರೆಲ್ಲಾ ನೋಡ್ಬೇಕಾ?” ಎಂದವಳೇ ನಮ್ಮೂರು ಕಾರಿಮಂಗಲದಿಂದ ತನ್ನ ಕಲ್ಲನ್ನು ಗಾಡಿಯಲ್ಲಿ ತರಿಸಿ, ಬಾಗಿಲು ಹಾಕಿಕೊಂಡು ಒಬ್ಬಳೇ ಬೀಸಿದಳು.

ತಮ್ಮ ಹುಟ್ಟಿದ ಮೇಲೆ ಅವಳು ಜ್ವರ ಬಂದು ಮಲಗಿದಳು. ನಮ್ಮ ಕಲ್ಲಿನ ಸದ್ದು ಕೇಳಲಿಲ್ಲವೆಂದು ಎದುರುಮನೆಯಾಕೆ ಬಾಗಿಲು ತಟ್ಟಿದಳು. “ನೀ ಮನಿಕ್ಕೋ ಅಕ್ಕಾ, ರಾಗಿ ಮಡಕೆ ಎಲ್ಲೈತೆ ತೋರ್ಸು ಸಾಕು.”

ಒಂದು ತಿಂಗಳು ವಠಾರದ ಹೆಂಗಸರು ನಮ್ಮ ರಾಗಿಯನ್ನು ಸರದಿಯಂತೆ ಅಂಗಳದಲ್ಲೇ ಬೀಸಿದರು. ನಡುವೆ ಮಡಕೆ ಬರಿದಾಯಿತು, ಎಲ್ಲರೂ ನೋಡಿದರು. ಆದರೂ ಹಿಟ್ಟು ಬರುವುದು ನಿಲ್ಲಲಿಲ್ಲ, ಒಬ್ಬರೂ ಆ ಮಾತೆತ್ತಲಿಲ್ಲ. ಮುಖವನ್ನೇ ಕಾಣದ ಆ ಎಂಜಿನಿಯರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಕೆಲಸ ಮುಗಿದು ಊರಿಗೆ ಮರಳಿದಾಗ ಅಪ್ಪ ಅವ್ವನ ಕಲ್ಲನ್ನು ಅಡುಗೆಮನೆಗೆ ಒಯ್ಯಹೊರಟ. ಅವ್ವ ತಡೆದಳು.

“ಈಚೆ ಜಗಲಿ ಮ್ಯಾಲೆ ಇಕ್ಕಿ. ಎದುರ್ಗೆ ಇನ್ನೊಬ್ರು ಕೂರೋಕೆ ಜಾಗ ಬಿಡಿ.”